ಬೇಳೆ ಬೇಯುವ ನೀರು

ಮೊನ್ನೆ ಶಿವಮೊಗ್ಗದ ಗೋಪಾಳದ ಗ್ಯಾರೇಜೊಂದರಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದೆ. ಮೊಮ್ಮಗಳು ಬ್ಯಾಂಕಿನ ಕೆಲಸ ಬಿಟ್ಟು ಹಳೆಯ ಗೂಡ್ಸ್ ಗಾಡಿಯೊಂದನ್ನು ಕೊಂಡಿದ್ದಾಳೆ. ಅದು ನನಗೆ ಸುತರಾಂ ಇಷ್ಟವಿಲ್ಲ. ಅಷ್ಟರಲ್ಲಿ ಮೆಕ್ಯಾನಿಕ್ಕು ಎರಡು ಡಬ್ಬಿ ಎತ್ತಿ ಹಿಡಿದು, ಇಂಜಿನ್ ತಣ್ಣಗಿಡುವ ಕೂಲಂಟ್ ಹಸಿರು ಹಾಕಲೋ ಕೆಂಪು ಹಾಕಲೋ ಎಂದು ಅವಳನ್ನು ಕೇಳಿದ. ಇಂಜಿನ್ನಿಗೂ ಶರಬತ್ತು ಆರಿಸುವ ಕಾಲ ಬಂತಲ್ಲ ಎಂದು ನಗು ಬಂತು. ನಗುವಿನ ಹಿಂದೆಯೇ ನಮ್ಮಣ್ಣನ ಲಾರಿಯೂ ಬಂತು.

ಅರವತ್ತರ ದಶಕದ ಮಾತು, ನನಗಿನ್ನೂ ಮದುವೆಯಾಗಿರಲಿಲ್ಲ. ಅಣ್ಣ ಭದ್ರಾವತಿಯ ಕಾರ್ಖಾನೆ ಕೆಲಸ ಬಿಟ್ಟು, ಯಾರೋ ಓಡಿಸಿ ಓಡಿಸಿ ಬೇಸತ್ತ ಡೀಸೆಲ್ ಲಾರಿಯೊಂದನ್ನು ಕೊಂಡ. ಶಿವಮೊಗ್ಗದಿಂದ ಭದ್ರಾವತಿಯ ವ್ಯಾಪಾರಿಯೊಬ್ಬರಿಗೆ ಅಕ್ಕಿ ಸಾಗಿಸುತ್ತಿದ್ದ. ಅಮ್ಮನಿಗೆ ಆ ಲಾರಿ ಕಂಡರಾಗುತ್ತಿರಲಿಲ್ಲ. ಸೈರನ್ ಕೂಗಿದಾಗ ಹೋಗಿ ಕೂಗಿದಾಗ ಬರುವ ಸುಖದ ಕೆಲಸ ಬಿಟ್ಟು ಈ ಹಣೆಬರಹ ಯಾಕೆ ಎನ್ನುತ್ತಿದ್ದಳು. ಅದಕ್ಕೆ ತಕ್ಕಂತೆ ಲಾರಿಯೂ ಮಲವಗೊಪ್ಪ ಬರುತ್ತಿದ್ದಂತೆ ಬುಸುಗುಟ್ಟಿ ಆವಿ ಬಿಟ್ಟು ನಿಂತುಬಿಡುತ್ತಿತ್ತು. ಕೊನೆಗೆ ವ್ಯಾಪಾರಿ, ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಬೇರೆ ಲಾರಿ ಗೊತ್ತುಮಾಡಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದರು. ಹಾಗಾದರೆ ಲಾರಿ ಮಾರಿ ಮತ್ತೆ ಕಾರ್ಖಾನೆಯ ಬಾಗಿಲು ಬಡಿಯುವುದೇ ಗತಿ. ಅಣ್ಣನಿಗೆ ಊಟ ಸೇರದಾಯಿತು.

ಆಗ ರೇಡಿಯೇಟರಿಗೆ ಹಾಕುತ್ತಿದ್ದುದು ಬರೀ ನೀರು. ಅಣ್ಣ ಬಲು ಯೋಚಿಸಿ ನಮ್ಮ ಹಿತ್ತಿಲ ಬಾವಿಯ ನೀರನ್ನೇ ಹಾಕುತ್ತಿದ್ದ. ಅಜ್ಜ ತೋಡಿಸಿದ ಬಾವಿ. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ನೀರು. ಕಾದ ಇಂಜಿನ್ನಿಗೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ, ನೀವೇ ಹೇಳಿ. ಆ ನೀರಿಗೆ ಒಂದೇ ಕೊರತೆ, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಆದ್ದರಿಂದ ಬೇಳೆಗೆಂದೇ ನಾನು ದಿನಾ ತುಂಗಾ ಹೊಳೆಯಿಂದ ನೀರು ಹೊರಬೇಕಿತ್ತು. ಹೊತ್ತದ್ದಕ್ಕಿಂತ ಗೊಣಗಿದ್ದೇ ಹೆಚ್ಚು ಎನ್ನಿ.

ಅಣ್ಣನ ಮೆಕ್ಯಾನಿಕ್ ಖಾದರ್ ಸಾಬರು ನಮ್ಮ ಅಂಗಳದಲ್ಲೇ ರೇಡಿಯೇಟರ್ ಬಿಚ್ಚಿಕೊಂಡು ಕುಳಿತರು. ಕೊಳವೆಗಳ ಬಾಯಿಂದ ಬಿಳಿ ಚಕ್ಕೆ ಕೆರೆದು ತೆಗೆದು, "ನೀರು ಎಷ್ಟು ತಣ್ಣಗಿದ್ರೇನು ಮಾರಾಯ, ಒಳಗೆ ಹೋಗೋಕೆ ದಾರೀನೇ ಇಲ್ಲ" ಎಂದರು. ಕಾಫಿ ತಂದ ಅಮ್ಮ ಆ ಚಕ್ಕೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬಚ್ಚಲ ಹಂಡೆಯಿಂದ ಅಂಥದನ್ನು ವರ್ಷಗಟ್ಟಲೆ ಕೆರೆದು ಬಿಸಾಡಿದವಳು.

"ಇದು ನಮ್ಮ ಬಾವೀದೇ. ಹಂಡೇಲೂ ಹಿಂಗೇ ಕಟ್ಟುತ್ತೆ."

ಸಾಬರು ಕಾಫಿ ಲೋಟ ಕೆಳಗಿಟ್ಟರು. "ಆ ನೀರಲ್ಲಿ ಬೇಳೆ ಬೇಯುತ್ತಾ ಅಮ್ಮಾ?"

ಬೇಯುವುದಿಲ್ಲ ಎಂದು ನಾವು ಮೂವರೂ ಒಟ್ಟಿಗೇ ಹೇಳಿದೆವು. ಸಾಬರು ನಕ್ಕರು, ಅವರ ಮನೆಯಲ್ಲೂ ಬೇಳೆಗೆ ಹೊಳೆಯ ನೀರೇ ಆಗಬೇಕಂತೆ. ಬೇಳೆ ಬೇಯದ ಗಡಸು ನೀರು ಕಾದಲ್ಲೆಲ್ಲ ಸುಣ್ಣ ಕಟ್ಟುತ್ತದೆ. ಮನೆ ಮಂದಿಗೆಲ್ಲ ಗೊತ್ತಿದ್ದ ಸಂಗತಿ ಲಾರಿಯವರೆಗೆ ನಡೆದುಬರಲು ಇಷ್ಟು ದಿನ ಬೇಕಾಗಿತ್ತು.

ಬಟ್ಟೆ ಒಗೆಯುವ ಸೋಡಾ ಕಲಸಿದ ಬಿಸಿನೀರಲ್ಲಿ ರೇಡಿಯೇಟರನ್ನು ತೊಳೆದದ್ದಾಯಿತು. ಮರುದಿನ ಅಕ್ಕಿ ಹೊರಡುವ ಹೊತ್ತಿಗೆ ಅಮ್ಮ, ನಾನು ತಂದಿಟ್ಟಿದ್ದ ಹೊಳೆನೀರಿನ ಕೊಡಗಳನ್ನು ಒಂದೊಂದಾಗಿ ತಾನೇ ಎತ್ತಿಕೊಂಡು ಬಂದಳು. ಅಲ್ಲಿಯವರೆಗೆ ಲಾರಿಯ ಹತ್ತಿರ ಸುಳಿದವಳಲ್ಲ. ಬಟ್ಟೆಯಲ್ಲಿ ಸೋಸಿ ಸೋಸಿ ಅಷ್ಟನ್ನೂ ಸುರಿದಳು. ಹಾಗಾದರೆ ಸಾರಿಗೆ ಏನು ಎಂದು ನಾನು ಕೇಳಿದೆ.

"ಇವತ್ತು ಗೊಜ್ಜು ತಿನ್ನಿ. ಮೊದ್ಲು ಅದು ಕುಡೀಲಿ."

ಸಂಜೆ ಅಣ್ಣ ಬಂದು, ಮಲವಗೊಪ್ಪ ದಾಟಿದ್ದೇ ಗೊತ್ತಾಗಲಿಲ್ಲ ಎಂದ. ಗೊಜ್ಜನ್ನು ಮತ್ತೆ ಮತ್ತೆ ಹಾಕಿಸಿಕೊಂಡ. ಅಮ್ಮ ಲಾರಿಯನ್ನು ಒಪ್ಪಿದೆನೆಂದು ಬಾಯಿಬಿಟ್ಟು ಎಂದೂ ಹೇಳಲಿಲ್ಲ. ನನಗೆ ಮಾತ್ರ ಹೊಳೆಯ ತಿರುಗಾಟ ಹೆಚ್ಚಾಯಿತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು, ಹಳೇ ಗಾಡಿಗೆ ಹಸಿರೇ ಸರಿ, ಆದರೆ ಅದಕ್ಕೆ ನಲ್ಲಿ ನೀರು ಬೆರೆಸಬಾರದು, ಒಳಗೆ ಕಟ್ಟುತ್ತದೆ ಎಂದು ಮೊಮ್ಮಗಳಿಗೆ ತಿಳಿಸಿ ಹೇಳುತ್ತಿದ್ದ. ಅವಳು ತಲೆಯಾಡಿಸುತ್ತ ನನ್ನ ಕಡೆ ನೋಡದಂತೆ ನಿಂತಿದ್ದಳು. ನೋಡಿದರೆ ಮತ್ತೆ ಬ್ಯಾಂಕಿನ ಮಾತು ಬರುತ್ತದೆಂಬ ಭಯ, ಪಾಪ. ನಾನು ಕುರ್ಚಿ ಬಿಟ್ಟೆದ್ದು ಡಬ್ಬಿಗೆ ಕೈಚಾಚಿದೆ.

"ಇಲ್ಲಿ ಕೊಡು ಮಾರಾಯ, ನಾನೇ ಹುಯ್ತೀನಿ."