ಬಾಗಿಲ ಮೇಲಿನ ಮಣೆ

ಬಾಗಿಲ ಮೇಲೆ ಸೀಮೆಸುಣ್ಣ ಗೀರುವ ಸದ್ದು ಕೇಳಿದರೆ, ನಿವೃತ್ತಳಾಗಿ ಇಷ್ಟು ವರ್ಷವಾದರೂ ನನ್ನ ಕಿವಿ ನೆಟ್ಟಗಾಗುತ್ತದೆ. ಈವತ್ತು ಬುಧವಾರ ಬೆಳಿಗ್ಗೆ ಪೋಲಿಯೊ ಹನಿಯವರು ಬಂದಿದ್ದರು. ಬಿಸಿಲಿಗೆ ಮುಖದ ತುಂಬ ದುಪಟ್ಟಾ ಸುತ್ತಿಕೊಂಡ ಹೆಂಗಸೊಬ್ಬಳು ಕೇಳಿದಳು: “ಸಣ್ಣ ಮಕ್ಕಳು ಅದಾರೇನ್ರಿ?” ಇಲ್ಲ ಎಂದೆ. “ಒಬ್ಬರ ಇರ್ತೀರೇನ್ರಿ?” ಅದೂ ಇವಳಿಗೆ ಬೇಕೆ, ನೀವೇ ಹೇಳಿ! ಹೌದು ಎಂದು ಬಾಗಿಲು ಹಾಕಿಕೊಂಡೆ. ಹೊರಗೆ ಸೀಮೆಸುಣ್ಣ ಗೀರಿದ ಸದ್ದು ಮಾಮೂಲಿಗಿಂತ ತುಸು ಹೆಚ್ಚು ಹೊತ್ತು ಕೇಳಿತು.

ಕೊಪ್ಪಳದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಸಮುದಾಯ ಆರೋಗ್ಯ ಕಲಿಸುತ್ತಿದ್ದೆ. ಗುರುವಾರಕ್ಕೊಮ್ಮೆ ವಿದ್ಯಾರ್ಥಿನಿಯರನ್ನು ಬಸ್ಸು ಹತ್ತಿಸಿಕೊಂಡು ಕುಕನೂರಿನಾಚೆಯ ಹಳ್ಳಿಗೆ ಹೋಗುವುದು. ಅಲ್ಲಿಯ ನರ್ಸು ಮೆಹಬೂಬಿ. ಪುಸ್ತಕ ನಾನು ಕಲಿಸಬೇಕು, ಊರನ್ನು ಆಕೆ ಕಲಿಸಬೇಕು ಎಂದು ಒಪ್ಪಂದ. ಕಾಗದದಲ್ಲಿ ಇಬ್ಬರೂ ಸಮಾನರು. ಬಾಯಿ ಮಾತ್ರ ನನ್ನದೊಂದೇ ನಡೆಯುತ್ತಿತ್ತು.

ಪೋಲಿಯೊ ಸಮಯದಲ್ಲಿ ಮೆಹಬೂಬಿ ಕೆಲವು ಬಾಗಿಲುಗಳ ಮೇಲೆ ಮನೆ ನಂಬರು, ತಾರೀಖಿನ ಕೆಳಗೆ ಇನ್ನೊಂದು ಗುರುತು ಹಾಕುತ್ತಿದ್ದಳು: ಒಂದು ಅಡ್ಡಗೆರೆ, ಅದಕ್ಕೆ ಎರಡು ಗಿಡ್ಡ ಕಾಲು. ಮಣೆ.

“ಇದು ಏನ್ರಿ ಸಿಸ್ಟರ್?”

“ಒಬ್ಬರ ಇರೋರ ಮನಿ, ಮೇಡಂ. ಕೆಲಸ ಇಲ್ಲಂದ್ರೂ ಎರಡು ಮಿನಿಟು ಕುಂತು ಹೋಗಬೇಕ್ರಿ.”

“ಯಾವ ಪುಸ್ತಕದಾಗ ಐತಿ?”

“ಯಾವುದರಾಗೂ ಇಲ್ರಿ.”

ಇಲ್ಲದ್ದು ಇರಬಾರದು ಎಂದೆ. ವಿದ್ಯಾರ್ಥಿನಿಯರ ಎದುರೇ ಎಂದೆ. ಶಿವಲೀಲಾ ಎಂಬ ಹುಡುಗಿಯ ಕೈಗೆ ಒದ್ದೆ ಬಟ್ಟೆ ಕೊಟ್ಟೆ. “ಅಳಸಬ್ಯಾಡ್ರಿ ಮೇಡಂ,” ಎಂದಳು ಮೆಹಬೂಬಿ, “ಮುಂದಿನ ವಾರದಿಂದ ನಾನು ಟ್ರೇನಿಂಗಿಗೆ ಹೋಗಾಕಿ. ನಿಮ್ಮ ಹುಡಿಗ್ಯಾರಿಗೆ ಮನಿ ಗುರ್ತು ಸಿಗಂಗಿಲ್ಲ.” ಶಿವಲೀಲಾ ಆಕೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಕಣ್ಣು ಬಿಟ್ಟು ಗದರಿದೆ. ಒರೆಸಿದಳು.

ತಿಂಗಳು ಕಳೆದು ಮೆಹಬೂಬಿ ಬಂದಾಗ ಎಲ್ಲರೂ, ಹಾಗೆ ಗುರುತು ಅಳಿಸಿದ್ದ ಮನೆಗಳಲ್ಲೊಂದಾದ ಒಂಟಿ ಮುದುಕಿ ಫಕೀರವ್ವನ ಮನೆಗೆ ಹೋದೆವು. ಮುದುಕಿ ಡಬ್ಬಿ ತೆಗೆದಳು. ತುಂಬ ಚುರುಮುರಿ, ಮೆತ್ತಗಾಗಿತ್ತು. “ಗುರುವಾರಕ್ಕೊಮ್ಮಿ ತಂದಿಟ್ಟೀನಿ. ಈ ಹುಡಿಗ್ಯಾರು ಬಾಗಲ ಮುಂದ ಹಾದು ಹೋಗತಾರ, ಒಳಗ ಬರವೊಲ್ರು. ನನ್ನಿಂದ ಏನರ ತಪ್ಪಾತೇನು ಯವ್ವಾ?”

ಮೆಹಬೂಬಿ ಕಾಲು ಮಡಚಿ ಕುಳಿತು, ಆ ಮೆತ್ತನೆಯ ಚುರುಮುರಿಯನ್ನು ಮುಕ್ಕುತ್ತ, “ಛಲೋ ಅದಾವ ಬಿಡಬೇ” ಎಂದಳು. ನನ್ನ ಕಡೆ ನೋಡಲೇ ಇಲ್ಲ. ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಹೊಸ್ತಿಲಲ್ಲಿ ನಿಂತೇ ಇದ್ದೆ, ಗಡಿಯಾರ ನೋಡುತ್ತ. ಆಮೇಲೂ ಹೇಳಲಿಲ್ಲ. ಹೋದ ವರ್ಷ ಗಂಗಾವತಿಯಲ್ಲಿ ಮಗಳ ಮನೆಯಲ್ಲಿ ಮೆಹಬೂಬಿ ತೀರಿಕೊಂಡಳೆಂದು ಮೊಬೈಲಿಗೆ ಸುದ್ದಿ ಬಂತು. ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿದೆ. ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ.

ಸಂಜೆ ಹಾಲಿಗೆಂದು ಹೊರಟೆ. ಬಾಗಿಲ ಮೇಲೆ ನಂಬರು, ತಾರೀಖು. ಕೆಳಗೆ ಒಂದು ಅಡ್ಡಗೆರೆ, ಎರಡು ಗಿಡ್ಡ ಕಾಲು.

ಆಗ ಹೊಳೆಯಿತು: ಬೆಳಿಗ್ಗೆ ದುಪಟ್ಟಾದೊಳಗಿಂದ ಕೇಳಿದ ಆ ದನಿ ಶಿವಲೀಲಾಳದು! ನನಗೆ ಗುರುತೇ ಸಿಕ್ಕಿರಲಿಲ್ಲ. ಮೊದಲು ಬಂದದ್ದು ಸಿಟ್ಟು; ನಾನು ಒಂಟಿ ಎಂದು ಓಣಿಗೆಲ್ಲ ಸಾರಿದಳಲ್ಲ! ಒಳಗೆ ಹೋಗಿ ಒದ್ದೆ ಬಟ್ಟೆಯನ್ನೂ ತಂದೆ. ಗುರುತಿನವರೆಗೆ ಹೋದ ಕೈ ಅಲ್ಲೇ ನಿಂತಿತು. “ತಪ್ಪಾತು ಸಿಸ್ಟರ್” ಎಂದು ಬಾಗಿಲಿಗೆ ಹೇಳಿದೆ. ಎದುರು ಮನೆಯವರು ಏನೆಂದುಕೊಂಡರೋ.

ಬಟ್ಟೆಯನ್ನು ಹಿಂಡಿ ಒಣಹಾಕಿದೆ. ಹಾಲಿನ ಜೊತೆ ಒಂದು ಸೇರು ಚುರುಮುರಿಯನ್ನೂ ತಂದೆ. ನಾಳೆ ಗುರುವಾರ. ಡಬ್ಬಿಗೆ ಸುರಿದು ಮುಚ್ಚಳ ಬಿಗಿಯಾಗಿ ಹಾಕಿದೆ.