ಊಟ ಆಯ್ತಾ, ಬ್ಲೌಸ್ ಆಯ್ತಾ

ಜನರ ಪರ ತಾನೊಬ್ಬನೇ ಎನ್ನುವ ನಾಯಕರಿಗೆ ಯಾರು, ಯಾಕೆ ಓಟು ಹಾಕುತ್ತಾರೆ ಎಂದು ನಾಲ್ಕು ದೇಶಗಳಲ್ಲಿ ಒಂದೇ ಪ್ರಶ್ನೆಪಟ್ಟಿ ಹಿಡಿದು ಕೇಳುವ ಸರ್ವೆ ಅದು. ಕೊಪ್ಪ, ಶೃಂಗೇರಿ ಕಡೆ ಕೇಳುವ ಕೆಲಸ ನನಗೆ ಬಂದಿತ್ತು. ಬಾಳಗಡಿಯಲ್ಲಿ ಬಟ್ಟೆ ಹೊಲಿಯುವ ಜಲಜಕ್ಕನ ಅಂಗಡಿಯಲ್ಲಿ ಕೂತು, ಅವರು ಓಟು ಹಾಕಿದ ನಾಯಕ ಇಷ್ಟವಾಗಲು ಕಾರಣವೇನೆಂದು ಕೇಳಿದೆ. ಕೆಲಸವೋ, ಬೆಲೆಯೇರಿಕೆಯೋ, ಹೊರಗಿನಿಂದ ಬಂದವರ ಭಯವೋ ಎಂದು ಟ್ಯಾಬ್ ನೋಡಿಕೊಂಡು ಓದುತ್ತಲೇ ಹೋದೆ.

ಅವರು ಮಿಷನ್ ನಿಲ್ಲಿಸಿದರು.

"ಅದೆಂತದೂ ಅಲ್ಲ ಮಾರಾಯ್ರೆ. ಪ್ರಚಾರಕ್ಕೆ ಬಂದಾಗ ಕಾರಿಂದ ಇಳಿದು, 'ಊಟ ಆಯ್ತಾ ಅಕ್ಕಾ' ಅಂತ ಕೇಳಿದ್ರು. ಇಲ್ಲಿಗೆ ಬರೋರೆಲ್ಲ ಕೇಳೋದು 'ಬ್ಲೌಸ್ ಆಯ್ತಾ' ಅಂತ ಮಾತ್ರ."

ನಾನೂ ಬಂದವನೇ ಅವರ ವಯಸ್ಸು ಕೇಳಿದ್ದೆ. ತಲೆ ತಗ್ಗಿಸಿ 'ಇತರೆ' ಒತ್ತಿ, "ಊಟ ಆಯ್ತಾ ಎಂದು ಕೇಳುತ್ತಾರೆ" ಎಂದು ಬರೆದೆ.

ವಾರದ ನಂತರ ಆಫೀಸಿನಿಂದ ಉತ್ತರಗಳ ಪಟ್ಟಿ ಬಂತು. ಬೇರೆ ದೇಶದ ಮತದಾರರ ಕಾರಣಗಳ ಪಕ್ಕದಲ್ಲಿ ಜಲಜಕ್ಕನ ಕಾರಣವನ್ನು 'ಆಹಾರದ ಕೊರತೆ' ಎಂದು ಹಾಕಿದ್ದರು. ಹಾಗಲ್ಲ ಎಂದು ವಿವರಿಸಲು ಆಫೀಸಿಗೆ ಫೋನ್ ಮಾಡಿದೆ.

ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಕೇಳಿದರು: "ಶೃಂಗೇರಿ ಸರ್ವೆ ಆಯ್ತಾ?"