ಪಕ್ಕದ ಮನೆಯ ಪೊರಕೆ

ಮಾರ್ಗಿಲಾನ್ ಪಟ್ಟಣದ ಆ ಓಣಿಯಲ್ಲಿ ಸೊಸೆಯ ಯೋಗ್ಯತೆ ಅಳೆಯುವುದು ಪೊರಕೆಯಿಂದ. ಬೆಳಕು ಹರಿಯುವ ಮೊದಲೇ ಆಕೆ ಬಾಗಿಲ ಮುಂದಿನ ಬೀದಿ ಗುಡಿಸಿ ನೀರು ಚಿಮುಕಿಸಿರಬೇಕು. ಎಲ್ಲರೂ ಹೊಗಳುತ್ತಿದ್ದುದು ಸಲೋಮತಳ ಪಕ್ಕದ ಮನೆಯ ಉಗಿಲೋಯಳ ಸೊಸೆ ಝಿಲೋಲಾಳನ್ನು. ಕೇಳಿದಾಗಲೆಲ್ಲ ಸಲೋಮತಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ತನ್ನ ಸೊಸೆ ನಫೀಸಾ ಏನು ಕಡಿಮೆ? ತಾನು ಏಳುವಷ್ಟರಲ್ಲಿ ಬೀದಿ ಕನ್ನಡಿಯ ಹಾಗಿರುತ್ತದಲ್ಲ!

ಮಗ ಬೋತಿರನನ್ನು ಕಾಡಿ ಗೇಟಿಗೆ ಕ್ಯಾಮೆರಾ ಹಾಕಿಸಿದಳು. ಅವನು ಹಳೆಯ ಕಂಪ್ಯೂಟರಿನ ಆಟಗಳನ್ನೆಲ್ಲ ಅಳಿಸಿ, ದೊಡ್ಡ ಡಿಸ್ಕ್ ಕೂರಿಸಿ, ಅದನ್ನು ಕ್ಯಾಮೆರಾಕ್ಕೇ ಮೀಸಲಿಟ್ಟ.

"ನಮ್ಮನೆಗೆ ಯಾವ ಕಳ್ಳ ಬರ್ತಾನಮ್ಮಾ?"

"ಬೇರೆಯವರ ಹೆಸರು ಕದಿಯೋರೂ ಕಳ್ಳರೇ ಕಣೋ. ಪಕ್ಕದ ಗೇಟೂ ಕಾಣೋ ಹಾಗೆ ತಿರುಗ್ಸು."

ಮರುದಿನ, ತಾನು ಮೊದಲು ನೋಡುವಷ್ಟೂ ತಾಳ್ಮೆಯಿಲ್ಲದೆ, ಉಗಿಲೋಯಳನ್ನು ಚಹಾಕ್ಕೆ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು. "ನೋಡು ತಂಗೀ, ಯಾರ ಸೊಸೆ ಮೊದಲು ಏಳ್ತಾಳೆ ಅಂತ."

ಪರದೆಯ ಮೇಲೆ ಝಿಲೋಲಾ ಬಂದಳು. ತನ್ನ ಬಾಗಿಲ ಮುಂದೆ ಗುಡಿಸಿದಳು. ಅಲ್ಲಿಗೇ ನಿಲ್ಲದೆ ಸಲೋಮತಳ ಬಾಗಿಲ ಮುಂದೆಯೂ ಗುಡಿಸಿ, ನೀರು ಚಿಮುಕಿಸಿ ಒಳಗೆ ಹೋದಳು. ಬಿಸಿಲೇರಿದ ಮೇಲೆ ನಫೀಸಾ ಆಕಳಿಸುತ್ತ ಬಂದು, ಒದ್ದೆ ನೆಲ ನೋಡಿ, ಪೊರಕೆಯನ್ನು ಗೋಡೆಗೆ ಒರಗಿಸಿದಳು.

ಉಗಿಲೋಯ ತುಟಿ ಕಚ್ಚಿ ನಗು ತಡೆದಳು. "ಹೋಗ್ಲಿ ಬಿಡಕ್ಕಾ, ನಿಮ್ಮ ಬಾಗ್ಲು ಬೇರೆ, ನಮ್ಮ ಬಾಗ್ಲು ಬೇರೇನಾ?"

ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಮುಂದಿನ ನಸುಕಿನಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದು ಸಲೋಮತಳೇ. ಝಿಲೋಲಾ ಏಳುವ ಮೊದಲೇ, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಉಗಿಲೋಯಳ ಬಾಗಿಲಿನವರೆಗೂ ಗುಡಿಸಿ ಮುಗಿಸಿದಳು. ಆಮೇಲೆ ಮುಖ ಸರಿಯಾಗಿ ಕಾಣಲೆಂದು ತಲೆವಸ್ತ್ರ ಹಿಂದಕ್ಕೆ ಸರಿಸಿ, ಕ್ಯಾಮೆರಾದತ್ತ ಕತ್ತೆತ್ತಿ ನಿಂತಳು.